ಹದಿನಾಲ್ಕನೇ ಷರತ್ತು ಓದಿದ ದಿನ

ಶ್ವೇತಾ ಮೈಸೂರಿನವಳು. ನಾನು ಹದಿನಾರು ವರ್ಷ ಕೂತು ಸವೆಸಿದ ಕುರ್ಚಿಯಲ್ಲಿ ಈಗ ಅವಳು ಕೂತಿದ್ದಾಳೆ. ಹೋದ ತಿಂಗಳು ಫೋನು ಮಾಡಿದ್ದಳು.

“ರಫೀಕ್ ಸರ್, ಆಫೀಸಿಗೆ ಇಬ್ರು ಹೊಸಬ್ರು ಬಂದಿದಾರೆ. ಪ್ಲೇಯರ್ಸ್ ಹತ್ರ ಸಂಬಳದ ಮಾತು ಹೇಗೆ ಆಡ್ಬೇಕು ಅಂತ ಯಾವ ಕಾಲೇಜಲ್ಲೂ ಹೇಳ್ಕೊಡಲ್ಲ. ನಿಮ್ ಎಕ್ಸ್‌ಪೀರಿಯೆನ್ಸ್ ಸ್ವಲ್ಪ ಬರ್ದುಕೊಡಿ ಸರ್. ಕನ್ನಡದಲ್ಲೇ ಬರೀರಿ, ನಾನು ಇಂಗ್ಲಿಷ್ ಮಾಡ್ಕೋತೀನಿ.”

ಬರೆಯುತ್ತೇನೆ ಎಂದೆ. ಅವಳಿಗೆ ಬೇಕಾಗಿದ್ದುದು ನಾಲ್ಕು ಬುದ್ಧಿಮಾತು, ಎರಡು ತಮಾಷೆ, ಕೊನೆಗೊಂದು ಶುಭ ಹಾರೈಕೆ. ಬುದ್ಧಿಮಾತು ಹೇಳುವ ಯೋಗ್ಯತೆ ನನಗಿಲ್ಲ. ತಮಾಷೆ ಒಂದೆರಡು ಇವೆ. ಹಾರೈಕೆ ಬೇಕೋ ಬೇಡವೋ ಎಂಬುದನ್ನು ಪೂರ್ತಿ ಓದಿದ ಮೇಲೆ ನೀವೇ ತೀರ್ಮಾನಿಸಿ.

ಕೆಲಸ ಏನೆಂದು ಮೊದಲು ಹೇಳಬೇಕು, ಏಕೆಂದರೆ ನನ್ನ ಹೆಂಡತಿಗೂ ಅದು ಕೊನೆಯವರೆಗೆ ಅರ್ಥವಾಗಲಿಲ್ಲ. ಕ್ವಾಲಾಲಂಪುರದಲ್ಲಿ ಒಂದು ವೃತ್ತಿಪರ ಬ್ಯಾಸ್ಕೆಟ್‌ಬಾಲ್ ಲೀಗ್ ನಡೆಯುತ್ತದೆ. ಆರು ತಂಡ, ಅಷ್ಟೇ. ಅಮೆರಿಕದ ಆಟ ಟಿವಿಯಲ್ಲಿ ನೋಡಿ ಕೋಟಿಗಳ ಕನಸು ಕಾಣಬೇಡಿ. ಸೈಬರ್‌ಜಯಾದಲ್ಲಿ ನಿನ್ನೆ ಮೊನ್ನೆ ಸೇರಿದ ಸಾಫ್ಟ್‌ವೇರಿನವರು ನಮ್ಮ ಆಟಗಾರರಿಗಿಂತ ಹೆಚ್ಚು ಸಂಪಾದಿಸುತ್ತಾರೆ. ಎರಡು ವರ್ಷಕ್ಕೊಮ್ಮೆ ಲೀಗಿನ ಆಡಳಿತದವರೂ ಆಟಗಾರರ ಸಂಘದವರೂ ಎದುರುಬದುರು ಕೂತು ಒಂದು ಒಪ್ಪಂದಕ್ಕೆ ಬರುತ್ತಾರೆ. ಮೂಲ ಸಂಬಳ ಎಷ್ಟು, ಪಂದ್ಯದ ಭತ್ಯೆ ಎಷ್ಟು, ಮೊಣಕಾಲು ಮುರಿದರೆ ಆಸ್ಪತ್ರೆಗೆ ಯಾರು ಕಟ್ಟಬೇಕು, ಎಲ್ಲವೂ ಅದರಲ್ಲಿರುತ್ತದೆ. ಆ ಒಪ್ಪಂದದ ಕರಡು ಬರೆಯುವವನು, ಸಭೆಯಲ್ಲಿ ಓದುವವನು, ನಡಾವಳಿ ಪುಸ್ತಕದಲ್ಲಿ ಬರೆದುಕೊಳ್ಳುವವನು ನಾನು. ನನಗೆ ಸಂಬಳ ಕೊಡುತ್ತಿದ್ದುದು ಆಡಳಿತ. ಇದನ್ನು ಮರೆಯಬೇಡಿ, ನಾನು ಆಗಾಗ ಮರೆತ ಹಾಗೆ ನಟಿಸುತ್ತಿದ್ದೆ.

ನಾನು ದಾವಣಗೆರೆಯವನು. ಹತ್ತಿ ಗಿರಣಿಯ ಕಾರ್ಮಿಕ ವಿಭಾಗದಲ್ಲಿ ಗುಮಾಸ್ತನಾಗಿದ್ದೆ, ಸಂಜೆ ಸಿಮೆಂಟಿನ ಅಂಕಣದಲ್ಲಿ ಬ್ಯಾಸ್ಕೆಟ್‌ಬಾಲ್ ಆಡುತ್ತಿದ್ದೆ. ಗಿರಣಿ ಮುಚ್ಚಿತು. ಭಾವನೊಬ್ಬ ಇಲ್ಲಿನ ಕೈಗವಸಿನ ಕಾರ್ಖಾನೆಯಲ್ಲಿ ಕೆಲಸ ಕೊಡಿಸಿದ. ಅಲ್ಲಿಂದ ಲೀಗಿಗೆ ಬಂದೆ. ಆಟವೂ ಗೊತ್ತು, ಕಾರ್ಮಿಕ ಕಾನೂನೂ ಗೊತ್ತು ಎಂಬ ಎರಡು ಅರ್ಧ ಸತ್ಯಗಳ ಮೇಲೆ ನನ್ನನ್ನು ತೆಗೆದುಕೊಂಡರು.

ಕೆಲಸ ಕಲಿಸಿದವರು ಪುವಾನ್ ರೊಸ್ನಾ. ಪುವಾನ್ ಎಂದರೆ ನಮ್ಮಲ್ಲಿ ಅಮ್ಮಾವ್ರು ಅಂದ ಹಾಗೆ. ಲೀಗಿನ ಕಾರ್ಯದರ್ಶಿ, ಮಲಯ್ ಹೆಂಗಸು, ಐದಡಿ ಎತ್ತರವಿಲ್ಲ. ಆರೂವರೆ ಅಡಿಯ ಆಟಗಾರರು ಅವರೆದುರು ಬಂದರೆ ಚಪ್ಪಲಿ ಹೊರಗೆ ಬಿಡುತ್ತಿದ್ದರು. ಅವರು ಒಂದು ಪದ್ಧತಿ ಮಾಡಿದ್ದರು. ಒಪ್ಪಂದದ ಒಂದೊಂದು ಷರತ್ತನ್ನೂ ಸಭೆಯಲ್ಲಿ ಗಟ್ಟಿಯಾಗಿ ಓದಬೇಕು. ಯಾರಿಗಾದರೂ ಒಪ್ಪಿಗೆ ಇಲ್ಲದಿದ್ದರೆ ಅವರು ಮಾತಾಡಬೇಕಾಗಿಲ್ಲ, ಮುಷ್ಟಿಯಿಂದ ಮೇಜು ತಟ್ಟಿದರೆ ಸಾಕು. ತಟ್ಟಿದರೆ ಓದುವುದು ಅಲ್ಲಿಗೇ ನಿಲ್ಲಬೇಕು, ಆ ಷರತ್ತು ಇತ್ಯರ್ಥವಾಗುವ ತನಕ ಮುಂದೆ ಹೋಗುವಂತಿಲ್ಲ. ತಟ್ಟದಿದ್ದರೆ ‘ಆಕ್ಷೇಪವಿಲ್ಲ’ ಎಂದು ನಡಾವಳಿಯಲ್ಲಿ ಬರೆಯುವುದು. ಹಾಗೆ ಬರೆದದ್ದೇ ಸಹಿಗೆ ಸಮ.

ಇದೇನು ಹಳ್ಳಿ ಪಂಚಾಯ್ತಿ ಎಂದು ಮೊದಲು ನನಗೆ ನಗು ಬಂದಿತ್ತು. ಅವರು ನನ್ನ ಮುಖ ನೋಡಿ, ಇಲ್ಲಿನ ‘ಶ್ರೀಯುತ’ವಾದ ಎನ್ಚಿಕ್ ಸೇರಿಸಿ ಹೇಳಿದರು: “ಎನ್ಚಿಕ್ ರಫೀಕ್, ಈ ಕೋಣೆಯಲ್ಲಿ ಚೀನಿ ಆಡುವವನಿದ್ದಾನೆ, ತಮಿಳು ಆಡುವವನಿದ್ದಾನೆ, ಮಲಯ್ ಆಡುವವನಿದ್ದಾನೆ. ಒಪ್ಪಂದ ಮಾತ್ರ ಇಂಗ್ಲಿಷಿನಲ್ಲಿದೆ. ಎದ್ದು ನಿಂತು ಇಂಗ್ಲಿಷಿನಲ್ಲಿ ಒಲ್ಲೆ ಅನ್ನುವ ಧೈರ್ಯ ಎಷ್ಟು ಜನಕ್ಕಿದೆ? ಇಂಗ್ಲಿಷ್ ಬಾರದವನಿಗೂ ಮುಷ್ಟಿ ಇರುತ್ತೆ.”

ಇನ್ನೊಂದು ನಿಯಮವೂ ಇತ್ತು. ನಡಾವಳಿಯಲ್ಲಿ ತಪ್ಪಾದರೆ ಅಳಿಸುವಂತಿಲ್ಲ, ಹಾಳೆ ಹರಿಯುವಂತಿಲ್ಲ. ತಪ್ಪು ಹಾಗೇ ಇರಬೇಕು. ಕೆಳಗೆ ತಿದ್ದುಪಡಿ ಎಂದು ಬರೆಯಬೇಕು. ಮತ್ತು ಯಾರ ವಿಷಯ ಬರೆದಿದೆಯೋ ಅವರೆದುರು ಓದಿ ಹೇಳದೆ ಪುಸ್ತಕ ಮುಚ್ಚುವಂತಿಲ್ಲ.

ಆ ಪದ್ಧತಿಯಿಂದ ಮೊದಲು ಪೆಟ್ಟು ತಿಂದವನೂ ನಾನೇ. ಮೊದಲ ವರ್ಷದ ಕರಡಿನಲ್ಲಿ ‘ಆಡಿದ ಪ್ರತಿ ಪಂದ್ಯಕ್ಕೆ ಭತ್ಯೆ’ ಎಂದು ಬರೆದಿದ್ದೆ. ಯಾರೂ ತಟ್ಟಲಿಲ್ಲ. ಋತು ಮುಗಿದ ಮೇಲೆ ಆ ಹೊಂಗ್ ಎಂಬ ಚೀನೀ ಆಟಗಾರ (‘ಆ’ ಅವನ ಹೆಸರಿನದೇ ಭಾಗ) ಒಂದು ಪ್ಲಾಸ್ಟಿಕ್ ಚೀಲ ಹಿಡಿದು ಆಫೀಸಿಗೆ ಬಂದ. ಚೀಲದಲ್ಲಿ ತಪಾವ್ ಮಾಡಿಸಿದ, ಅಂದರೆ ಹೋಟೆಲಿನಿಂದ ಕಟ್ಟಿಸಿಕೊಂಡ ಊಟ ಇರಬೇಕು ಎಂದುಕೊಂಡೆ. ಅದರಲ್ಲಿ ಅವನ ಜೆರ್ಸಿ ಇತ್ತು. ಇಡೀ ಋತು ಬೆಂಚಿನ ಮೇಲೆ ಕೂತವನು, ಒಂದು ನಿಮಿಷ ಅಂಕಣಕ್ಕೆ ಇಳಿದಿರಲಿಲ್ಲ. ಹಾಗಾಗಿ ಭತ್ಯೆ ಸೊನ್ನೆ.

“ಪ್ರತಿ ಮ್ಯಾಚಿಗೂ ಹಾಕ್ಕೊಂಡೆ, ಪ್ರತಿ ಮ್ಯಾಚ್ ಆದ್ಮೇಲೂ ಒಗೆದೆ” ಎಂದ. “ಸೋಪಿನ ದುಡ್ಡಾದ್ರೂ ಕೊಡು ಲಾ.”

ನಾನು ನಕ್ಕೆ. ಪುವಾನ್ ರೊಸ್ನಾ ನಗಲಿಲ್ಲ. ನನ್ನನ್ನು ಕರೆದು, ಅಂಕಣಕ್ಕೆ ಇಳಿಯದವನ ಕಡೆಯಿಂದ ಪ್ರತಿ ಷರತ್ತನ್ನೂ ಒಮ್ಮೆ ಓದಿ ನೋಡದೆ ಕರಡು ತರಬೇಡ ಎಂದರು. ಮುಂದಿನ ಒಪ್ಪಂದದ ಸಭೆಯಲ್ಲಿ ಆ ಷರತ್ತಿಗೆ ಆ ಹೊಂಗ್ ತಟ್ಟಿದ ರಭಸಕ್ಕೆ ನನ್ನ ಲೋಟದ ಚಹಾ ಕರಡಿನ ಮೇಲೆ ಚೆಲ್ಲಿತು. ‘ಆಡಿದ’ ಹೋಗಿ ‘ಸಮವಸ್ತ್ರ ತೊಟ್ಟು ಹಾಜರಿದ್ದ’ ಬಂತು. ಇವತ್ತಿಗೂ ಒಪ್ಪಂದದಲ್ಲಿ ಅದೇ ಇದೆ. ನನ್ನ ವೃತ್ತಿಯಲ್ಲಿ ನಾನು ಮಾಡಿದ ಒಳ್ಳೆಯ ಕೆಲಸ ಎಂದರೆ ಅದೊಂದೇ, ಅದೂ ಇನ್ನೊಬ್ಬನ ಮುಷ್ಟಿಯಿಂದ ಆಗಿದ್ದು.

ಮೇಲಧಿಕಾರಿಗಳ ವಿಷಯಕ್ಕೆ ಬರೋಣ. ಲೀಗಿನ ಮಾಲೀಕರನ್ನು ನಾವೆಲ್ಲ ದಾತೊ ಎನ್ನುತ್ತಿದ್ದೆವು. ಇಲ್ಲಿ ಅದು ದೊಡ್ಡವರಿಗೆ ಸಿಗುವ ಬಿರುದು. ಹೆಸರು ಹಿಡಿದು ಕರೆಯುವ ಹಾಗಿಲ್ಲ. ಕೆಟ್ಟವರೆಂದು ಹೇಳಿದರೆ ಸುಳ್ಳಾದೀತು. ನನ್ನ ಹೆಂಡತಿಯ ಶಸ್ತ್ರಚಿಕಿತ್ಸೆ ಆದಾಗ ಆಸ್ಪತ್ರೆಗೆ ಬಂದು ಕೂತಿದ್ದರು. ಆದರೆ ಅವರಿಗೊಂದು ಅಭ್ಯಾಸ. ಆಟಗಾರರಿಂದ ಏನಾದರೂ ಕಿತ್ತುಕೊಳ್ಳಬೇಕಾದಾಗ ಮೊದಲು ಅಭ್ಯಾಸದ ಅಂಕಣಕ್ಕೆ ಒಂದು ವ್ಯಾನು ದುರಿಯನ್ ಹಣ್ಣು ಕಳಿಸುತ್ತಿದ್ದರು. ಎಲ್ಲರೂ ಕೈಗೆ ಬಾಯಿಗೆ ಮೆತ್ತಿಕೊಂಡು ತಿಂದಾದ ಮೇಲೆ ಪ್ರಯಾಣ ಭತ್ಯೆ ಕಡಿಮೆಯಾದ ಕಾಗದ ಬರುತ್ತಿತ್ತು. ‘ದುರಿಯನ್ ಬಂತು, ಏನೋ ಹೋಯ್ತು’ ಎಂಬುದು ಆಟಗಾರರ ಗಾದೆಯೇ ಆಗಿಬಿಟ್ಟಿತ್ತು. ಆದರೂ ತಿನ್ನುತ್ತಿದ್ದರು. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಅನ್ನುವುದು ನಿಜ, ಆದರೆ ಹಸಿದ ಇಲಿ ಹಣ್ಣನ್ನು ಬಿಡುವುದಿಲ್ಲ.

ಆಟಗಾರರ ಕಡೆಯಿಂದ ಮಾತಾಡುತ್ತಿದ್ದವನು ಗುಣ, ಎಲ್ಲರೂ ಕ್ಯಾಪ್ಟನ್ ಎನ್ನುತ್ತಿದ್ದರು. ಪೂರ್ತಿ ಹೆಸರು ಗುಣಶೇಖರನ್, ಇಲ್ಲಿಯೇ ಹುಟ್ಟಿ ಬೆಳೆದ ತಮಿಳಿನವನು. ಆಟಗಾರರ ಪೈಕಿ ಗಿಡ್ಡ, ಬ್ರಿಕ್‌ಫೀಲ್ಡ್ಸ್‌ನಲ್ಲಿ ನಮ್ಮ ಮನೆಯಿಂದ ಎರಡು ಬೀದಿ ಆಚೆ ಇದ್ದ. ನನ್ನನ್ನು ಅಣ್ಣೆ ಎನ್ನುತ್ತಿದ್ದ. ನನ್ನ ಮುರುಕು ತಮಿಳಿಗೆ ಅವನ ಮುರುಕು ಇಂಗ್ಲಿಷ್ ಸರಿಹೋಗುತ್ತಿತ್ತು. ಸಭೆಯ ದಿನ ಬೆಳಿಗ್ಗೆ ನಾವಿಬ್ಬರೂ ಬೀದಿ ಮೂಲೆಯ ಮಾಮಾಕ್ ಅಂಗಡಿಯಲ್ಲಿ, ಅಂದರೆ ತಮಿಳು ಮುಸ್ಲಿಮರ ಹೋಟೆಲಿನಲ್ಲಿ, ಚಹಾ ಕುಡಿಯುತ್ತಿದ್ದೆವು. ಏನು ಕೊಡಲು ಸಾಧ್ಯ, ಏನು ಬಿಡಲು ಸಾಧ್ಯ ಎಂಬುದು ಅರ್ಧ ಅಲ್ಲೇ ಮುಗಿಯುತ್ತಿತ್ತು. ಪ್ರತಿ ಸಲವೂ ದುಡ್ಡು ನಾನೇ ಕೊಡುತ್ತಿದ್ದೆ. “ಕೊಡ್ಲಿ ಬಿಡಿ, ಮ್ಯಾನೇಜ್‌ಮೆಂಟ್ ದುಡ್ಡಿನ ಟೀ ಜಾಸ್ತಿ ಸಿಹಿ” ಎಂದು ಅಂಗಡಿಯವನಿಗೆ ಕಣ್ಣು ಹೊಡೆಯುತ್ತಿದ್ದ. ಆ ಮಾತು ಹೇಳದೆ ಅವನು ಎದ್ದದ್ದೇ ಇಲ್ಲ.

ಕೆಲಸದ ರೀತಿ ಬದಲಾದದ್ದು ಪುವಾನ್ ರೊಸ್ನಾ ನಿವೃತ್ತರಾದ ಮೇಲೆ. ಅವರ ಜಾಗಕ್ಕೆ ಯಾರನ್ನೂ ತೆಗೆದುಕೊಳ್ಳಲಿಲ್ಲ. ದಾತೊ ಒಬ್ಬ ವಕೀಲನನ್ನು ಇಟ್ಟುಕೊಂಡರು. ಆಫೀಸು ಸೈಬರ್‌ಜಯಾಗೆ ಹೋಯಿತು. ಶ್ವೇತಾ ಬಂದಳು, ಅವಳ ಜೊತೆ ಕಂಪ್ಯೂಟರ್ ಬಂತು. ಯಾರು ಎಷ್ಟು ನಿಮಿಷಕ್ಕೆ ಎಷ್ಟು ಅಂಕ ತಂದರು, ಅವರಿಗೆ ಎಷ್ಟು ಕೊಡಬಹುದು ಎಂದು ಅದೇ ಹೇಳುತ್ತಿತ್ತು. ಶ್ವೇತಾಳ ಲೆಕ್ಕ ಎಂದೂ ತಪ್ಪುತ್ತಿರಲಿಲ್ಲ. ಆದರೆ ಮೊದಲು ಆಟಗಾರನೊಬ್ಬ ನನ್ನೆದುರು ಕೂತು, ಮಗುವಿಗೆ ಕಿವಿ ಕೇಳಿಸುವುದಿಲ್ಲ ಅಣ್ಣೆ, ಯಂತ್ರ ಕೊಡಿಸಬೇಕು ಎಂದರೆ ಅದನ್ನು ಎಲ್ಲೋ ಒಂದು ಕಡೆ ಸೇರಿಸಲು ಜಾಗ ಇರುತ್ತಿತ್ತು. ಕಂಪ್ಯೂಟರಿನಲ್ಲಿ ಆ ಜಾಗ ಇರಲಿಲ್ಲ.

ಆಮೇಲೆ ಕೊರೊನಾ ಬಂತು. ಸಂಚಾರ ನಿರ್ಬಂಧ ಬಂತು, ಎಲ್ಲರ ಬಾಯಲ್ಲೂ ಎಂಸಿಒ ಎಂಬುದೇ ಮಂತ್ರ. ಅಂಕಣಗಳಿಗೆ ಬೀಗ ಬಿತ್ತು. ಟಿಕೆಟಿಲ್ಲ, ಜಾಹೀರಾತಿಲ್ಲ. ದಾತೊ ಸಂಬಳ ಅರ್ಧ ಮಾಡುತ್ತೇನೆ ಎಂದರು. ನ್ಯಾಯವಾಗಿ ಹೇಳಬೇಕೆಂದರೆ ಅವರ ಹೋಟೆಲುಗಳೂ ಮುಚ್ಚಿದ್ದವು. ಆಟಗಾರರು ಒಪ್ಪಲಿಲ್ಲ. ಕೊನೆಗೆ ಗುಣ ಒಂದು ದಾರಿ ಹುಡುಕಿದ. ಈಗ ಅರ್ಧ ಕೊಡಿ. ಉಳಿದರ್ಧವನ್ನು ಲೀಗ್ ಮತ್ತೆ ಶುರುವಾದ ಮೇಲೆ ಕಂತಿನಲ್ಲಿ ಕೊಡಿ. ದಾತೊ ಫೋನಿನಲ್ಲಿ ಹೂಂ ಅಂದರು. ಗುಣ ಒಬ್ಬೊಬ್ಬ ಆಟಗಾರನಿಗೂ ಫೋನು ಮಾಡಿ, ನನ್ನ ಮೇಲೆ ನಂಬಿಕೆ ಇಡಿ, ದುಡ್ಡು ಎಲ್ಲಿಗೂ ಹೋಗಲ್ಲ ಎಂದು ಒಪ್ಪಿಸಿದ. ಕೆಲವರು ಬೈದರಂತೆ. ಗುಣ ಹೇಳುತ್ತಿದ್ದಾನಲ್ಲ ಎಂದು ಕೊನೆಗೆ ಎಲ್ಲರೂ ಒಪ್ಪಿದರು. ಅವನ ಮಾತೇ ಅವರಿಗೆ ಜಾಮೀನು.

ವಕೀಲ ಕಳಿಸಿದ ಕರಡು ನನ್ನ ಕೈಗೆ ಬಂದದ್ದು ಸಭೆಯ ಹಿಂದಿನ ದಿನ. ಹತ್ತೊಂಬತ್ತು ಷರತ್ತು. ಹದಿಮೂರರವರೆಗೆ ಸರಿ ಇತ್ತು. ಹದಿನಾಲ್ಕನೆಯದರಲ್ಲಿ, ತಡೆಹಿಡಿದ ಅರ್ಧ ಸಂಬಳವನ್ನು ಆಟಗಾರರು ಸ್ವಇಚ್ಛೆಯಿಂದ ಬಿಟ್ಟುಕೊಟ್ಟಿದ್ದಾರೆ ಎಂದಿತ್ತು. ಅದರ ಬಾಲದಲ್ಲಿ ಇನ್ನೊಂದು ಸಾಲು: ಮುಂದಿನ ಒಪ್ಪಂದಕ್ಕೆ ಈ ಅರ್ಧ ಸಂಬಳವೇ ಮೂಲ ಸಂಬಳ.

ಹೊಸಬರೇ, ಈ ಬಾಲದ ಸಾಲನ್ನು ಸರಿಯಾಗಿ ಅರ್ಥ ಮಾಡಿಕೊಳ್ಳಿ. ನಾನು ಹದಿನಾರು ವರ್ಷದಲ್ಲಿ ಕಲಿತ ವಿದ್ಯೆ ಇದೊಂದೇ. ಸಂಬಳದ ಮಾತುಕತೆಯಲ್ಲಿ ಎಲ್ಲರೂ ಏರಿಕೆ ಎಷ್ಟು ಎಂದು ಜಗಳ ಆಡುತ್ತಾರೆ. ಏರಿಕೆ ಯಾವುದರ ಮೇಲೆ ಎಂದು ಕೇಳುವವನು ಇರುವುದಿಲ್ಲ. ನೂರಿದ್ದದ್ದು ಐವತ್ತಾಯಿತು ಎನ್ನಿ. ಆಮೇಲೆ ಕಾಲು ಭಾಗ ಏರಿಸಿದೆವು ಎಂದು ಪತ್ರಿಕೆಗೆ ಹೇಳಿದರೆ ಚಪ್ಪಾಳೆ ಬೀಳುತ್ತದೆ. ಕೈಗೆ ಬರುವುದು ಅರವತ್ತೆರಡೂವರೆ.

ನಾನು ದಾತೊ ಅವರಿಗೆ ಫೋನು ಮಾಡಿದೆ. ಗುಣನಿಗೆ ಬೇರೆ ಮಾತು ಕೊಟ್ಟಿದ್ದಿರಿ ಎಂದೆ. ಧ್ವನಿ ಎಷ್ಟು ಮೆತ್ತಗಿತ್ತೆಂದರೆ ನನಗೇ ನಾಚಿಕೆಯಾಯಿತು.

“ನಾಳೆ ಓದು. ಬೇಡದಿದ್ದರೆ ತಟ್ಟುತ್ತಾರೆ, ಅದೇ ತಾನೇ ನಿಮ್ಮ ಪದ್ಧತಿ?” ಎಂದರು. ಫೋನಿಡುವ ಮುನ್ನ, “ರಫೀಕ್, ನಿನ್ನ ಪಾಸಿನ ಪತ್ರ ನನ್ನ ಮೇಜಿನ ಮೇಲಿದೆ. ಮರೆತಿಲ್ಲ” ಎಂದರು.

ಪಾಸು ಎಂದರೆ ಇಲ್ಲಿ ಕೆಲಸ ಮಾಡಲು ನನಗಿದ್ದ ಪರವಾನಗಿ. ಮಾಲೀಕರು ಪತ್ರ ಕೊಟ್ಟರೆ ಮಾತ್ರ ನವೀಕರಣ. ನನ್ನ ಪಾಸಿಗೆ ನನ್ನ ಹೆಂಡತಿ, ಮಗಳು ನಾಝ್ ಇಬ್ಬರ ಪರವಾನಗಿಯೂ ಗಂಟು ಹಾಕಿತ್ತು. ನಾಝ್‌ಗೆ ಡಿಗ್ರಿಯ ಕೊನೆಯ ವರ್ಷ. ವಿಮಾನಗಳು ನಿಂತಿದ್ದವು. ನನಗೆ ನಿವೃತ್ತಿಗೆ ಒಂದು ವರ್ಷ ಚಿಲ್ಲರೆ ಉಳಿದಿತ್ತು. ಇದನ್ನು ಸಮಜಾಯಿಷಿ ಎಂದು ಹೇಳುತ್ತಿಲ್ಲ. ಇದ್ದದ್ದು ಇಷ್ಟು ಎಂದು ಹೇಳುತ್ತಿದ್ದೇನೆ.

ಮಾರನೆಯ ದಿನ ಬೆಳಿಗ್ಗೆ ಮಾಮಾಕ್ ಅಂಗಡಿಯ ಚಹಾ ಇಲ್ಲ. ಎಲ್ಲರೂ ಅವರವರ ಮನೆಯಲ್ಲಿ. ಸಭೆ ವೀಡಿಯೊದಲ್ಲಿ. ಆರು ತಂಡಗಳ ಮ್ಯಾನೇಜರುಗಳು, ದಾತೊ, ವಕೀಲ, ನಾನು. ಲೈನು ಕೆಡುತ್ತದೆ, ಆಟಗಾರರ ಕಡೆಯಿಂದ ಒಬ್ಬರೇ ಸಾಕು ಎಂದು ದಾತೊ ಹೇಳಿದ್ದರಿಂದ ಆ ಕಡೆ ಗುಣ ಒಬ್ಬನೇ. ಸಭೆಯ ಕೀಲಿಕೈ ನನ್ನ ಕೈಯಲ್ಲಿತ್ತು. ಶುರುವಿಗೇ ದಾತೊ, “ಓದುವಾಗ ಗದ್ದಲ ಬೇಡ. ಎಲ್ಲರ ಮೈಕೂ ಮುಚ್ಚು, ನಿನ್ನದೊಂದೇ ಇರಲಿ” ಎಂದರು. ಮುಚ್ಚಿದೆ. ಒಮ್ಮೆ ನಾನು ಮುಚ್ಚಿದರೆ ನಾನೇ ತೆರೆಯಬೇಕು, ಅವರಿಗೆ ತೆರೆಯಲು ಬರುವುದಿಲ್ಲ. ಕೈ ಎತ್ತುವ ಗುಂಡಿ ಎಂದೊಂದು ಇದೆ. ಅದನ್ನು ಗುಣನಿಗೆ ಯಾರೂ ತೋರಿಸಿರಲಿಲ್ಲ. ತೋರಿಸಬೇಕಾದವನು ನಾನು.

ಕರಡು ಪರದೆ ತುಂಬ ಇತ್ತು. ಒಂದೊಂದೇ ಷರತ್ತು ಓದುತ್ತಾ ಹೋದೆ. ಪ್ರತಿಯೊಂದರ ನಂತರ ಪದ್ಧತಿಯ ಪ್ರಕಾರ ಐದು ಎಣಿಸುವಷ್ಟು ನಿಲ್ಲಿಸುತ್ತಿದ್ದೆ. ಹದಿನಾಲ್ಕನೆಯದನ್ನೂ ಓದಿದೆ, ನಿಲ್ಲಿಸಿದೆ. ಗುಣನ ಚಿತ್ರ ಪರದೆಯ ಮೂಲೆಯಲ್ಲಿ ಅಂಚೆಚೀಟಿಯಷ್ಟು ಇತ್ತು. ಅವನ ಕೈ ಅಲುಗಿತೋ, ಲೈನು ಕೆಟ್ಟು ಚಿತ್ರವೇ ನಡುಗಿತೋ, ನನಗೆ ಸ್ಪಷ್ಟವಾಗಿ ಕಾಣಲಿಲ್ಲ. ಸದ್ದಂತೂ ಬರಲಿಲ್ಲ. ‘ಆಕ್ಷೇಪವಿಲ್ಲ’ ಎಂದು ಬರೆದುಕೊಂಡು ಹದಿನೈದಕ್ಕೆ ಹೋದೆ. ಹತ್ತೊಂಬತ್ತು ಮುಗಿದ ಕೂಡಲೇ ದಾತೊ ಕೈಮುಗಿದು, “ತೆರಿಮಾ ಕಾಸಿ, ಎಲ್ಲರಿಗೂ ಧನ್ಯವಾದ” ಎಂದು ಬರೆದ ಚೀಟಿಯನ್ನು ಕ್ಯಾಮೆರಾಕ್ಕೆ ಹಿಡಿದರು, ಅವರ ಮೈಕೂ ಮುಚ್ಚಿತ್ತಲ್ಲ. ಸಭೆ ಮುಗಿಸುವ ಗುಂಡಿ ಒತ್ತಿದೆ.

ಎರಡು ನಿಮಿಷದಲ್ಲಿ ಗುಣನ ಫೋನು.

“ಅಣ್ಣೆ, ನಾನು ತಟ್ಟಿದೆ! ಹದಿನಾಲ್ಕಕ್ಕೆ ತಟ್ಟಿದೆ! ಯಾಕೆ ನಿಲ್ಲಿಸ್ಲಿಲ್ಲ?”

“ಸದ್ದು ಬರಲಿಲ್ಲ ಗುಣ.”

“ಹೇಗೆ ಬರುತ್ತೆ? ಮೈಕ್ ನೀವು ಮುಚ್ಚಿದ್ರಿ. ಈಗ ಬರ್ಕೊಳ್ಳಿ ಅಣ್ಣೆ, ಗುಣ ತಟ್ಟಿದ ಅಂತ ಬರ್ಕೊಳ್ಳಿ.”

“ನಡಾವಳಿ ಮುಗಿದು ದಾತೊ ಅವರಿಗೆ ಹೋಗಾಯ್ತು” ಎಂದೆ. ಪುಸ್ತಕ ನನ್ನ ಮುಂದೆಯೇ ತೆರೆದಿತ್ತು.

ಅವನು ಬೈಯಲಿಲ್ಲ. ಬೈದಿದ್ದರೆ ನನಗೆ ಸುಲಭವಾಗುತ್ತಿತ್ತು. “ಹುಡುಗರಿಗೆ ಏನ್ ಹೇಳ್ಲಿ?” ಎಂದು ಮಾತ್ರ ಕೇಳಿ ಫೋನಿಟ್ಟ. ಅದೇ ವಾರ ನನ್ನ ಪಾಸಿನ ಪತ್ರ ಬಂತು. ಮನೆಯಲ್ಲಿ ಹೆಂಡತಿ ಶ್ಯಾವಿಗೆ ಪಾಯಸ ಮಾಡಿದಳು. ಹೊಟ್ಟೆ ಸರಿಯಿಲ್ಲ ಎಂದು ಬಟ್ಟಲು ಪಕ್ಕಕ್ಕಿಟ್ಟೆ.

ಆಟಗಾರರಿಗೆ ನಡಾವಳಿಯ ಪ್ರತಿ ಹೋಯಿತು. ಹದಿನಾಲ್ಕನೇ ಷರತ್ತು, ಆಟಗಾರರ ಪ್ರತಿನಿಧಿ ಹಾಜರು, ಆಕ್ಷೇಪವಿಲ್ಲ. ಗುಣ ತಟ್ಟಿದೆ ಎಂದರೆ ಯಾರು ನಂಬುತ್ತಾರೆ? ಕ್ಯಾಪ್ಟನ್ನಿಗೆ ದಾತೊ ಒಳಗಿಂದೊಳಗೆ ಏನೋ ಕೊಟ್ಟಿದ್ದಾರೆ, ಗುಣ ನಮ್ಮನ್ನು ಮಾರಿಕೊಂಡ ಎಂದು ಮಾತಾಯಿತು. ಅವನು ಜಾಮೀನು ನಿಂತು ಕೊಡಿಸಿದ ಅರ್ಧ ಸಂಬಳ, ಕೊಟ್ಟೋನು ಕೋಡಂಗಿ, ಇಸ್ಕೊಂಡೋನು ಈರಭದ್ರ ಎಂಬಂತೆ ಹೋಯಿತು. ಸಂಘದಿಂದ ಅವನನ್ನು ಇಳಿಸಿದರು. ಹತ್ತು ವರ್ಷ ಅವನಿಂದ ಚೆಂಡು ಇಸಕೊಂಡು ಆಡಿದ ಆ ಹೊಂಗ್ ಕೂಡ ಫೋನು ಎತ್ತುವುದನ್ನು ಬಿಟ್ಟನಂತೆ.

ಗುಣ ಮೋಟರ್‌ಬೈಕಿನಲ್ಲಿ ಊಟ ಹಂಚುವ ಕೆಲಸಕ್ಕೆ ಸೇರಿದ. ಮಾಂಟ್ ಕಿಯಾರಾದ ದೊಡ್ಡ ದೊಡ್ಡ ಅಪಾರ್ಟ್‌ಮೆಂಟುಗಳ ಗೇಟಿನಲ್ಲಿ ಪೊಟ್ಟಣ ಹಿಡಿದು ನಿಲ್ಲುತ್ತಿದ್ದ. ಇದನ್ನು ನನಗೆ ಹೇಳಿದವಳು ಶ್ವೇತಾ. ಅವಳ ಮನೆ ಅಲ್ಲೇ.

“ಸರ್, ನಿನ್ನೆ ನಮ್ ಗೇಟಲ್ಲಿ ಕ್ಯಾಪ್ಟನ್ ನೋಡ್ದೆ. ಮಾಸ್ಕ್ ಹಾಕಿದ್ರೂ ಗೊತ್ತಾಗ್ಬಿಡ್ತು. ನನಗೆ ಟಿಪ್ ಕೊಡೋಕೂ ಆಗ್ಲಿಲ್ಲ, ಕೊಡದೆ ಇರೋಕೂ ಆಗ್ಲಿಲ್ಲ” ಎಂದಳು.

ಮುಂದಿನ ಋತುವಿಗೆ ಲೀಗ್ ಶುರುವಾಯಿತು, ಖಾಲಿ ಕುರ್ಚಿಗಳ ಮುಂದೆ. ಹೊಸ ಒಪ್ಪಂದ ಬಂತು. ಸಂಬಳದಲ್ಲಿ ಕಾಲು ಭಾಗ ಏರಿಕೆ ಎಂದು ದಾತೊ ಪತ್ರಿಕೆಯವರಿಗೆ ಹೇಳಿದರು. ಶ್ವೇತಾ ಕಂಪ್ಯೂಟರಿನಿಂದ ತಲೆ ಎತ್ತಿದಳು.

“ಸರ್, ಬೇಸೇ ಅರ್ಧ ಆಗಿದೆಯಲ್ಲ. ಇದು ಏರಿಕೆ ಅಲ್ಲ, ಇಳಿಕೆ ಅಲ್ವಾ?”

“ನಡಾವಳಿಯಲ್ಲಿ ಹಾಗಿದೆಯಮ್ಮ” ಎಂದೆ. ಬರೆದವನು ಯಾರು ಎಂದು ಅವಳು ಕೇಳಲಿಲ್ಲ. ಅವಳಿಗೆ ಗೊತ್ತಿತ್ತು ಎಂದು ಈಗ ಅನಿಸುತ್ತದೆ. ಗುಣನಿಗೆ ಹೊಸ ಒಪ್ಪಂದದಲ್ಲಿ ಜಾಗವೇ ಇರಲಿಲ್ಲ. ವಯಸ್ಸಾಯಿತು ಎಂದು ಕಂಪ್ಯೂಟರ್ ಹೇಳಿತ್ತಂತೆ.

ನನ್ನ ಬೀಳ್ಕೊಡುಗೆಯೂ ವೀಡಿಯೊದಲ್ಲೇ ನಡೆಯಿತು. ಮನೆಗೆ ಕೇಕು ಕಳಿಸಿದ್ದರು. ರಫೀಕ್ ಎಂದರೆ ನಿಷ್ಠೆ ಎಂದು ದಾತೊ ಹೇಳಿದರು. ಎಲ್ಲರ ಮೈಕೂ ತೆರೆದಿತ್ತು, ಚಪ್ಪಾಳೆ ಚೆನ್ನಾಗಿ ಕೇಳಿಸಿತು.

ಇಷ್ಟು ಬರೆದು ಮುಗಿಸಿದಾಗ ಪುವಾನ್ ರೊಸ್ನಾ ಅವರ ನಿಯಮ ನೆನಪಾಯಿತು. ಯಾರ ವಿಷಯ ಬರೆದಿದೆಯೋ ಅವರೆದುರು ಓದದೆ ಪುಸ್ತಕ ಮುಚ್ಚುವಂತಿಲ್ಲ. ನನಗೆ ಈ ದೇಶದಲ್ಲಿ ಇರಲು ಇನ್ನು ಕೆಲವೇ ವಾರ ಉಳಿದಿವೆ, ಆಮೇಲೆ ದಾವಣಗೆರೆ. ಎರಡು ದಿನ ಅತ್ತಿತ್ತ ಎಳೆದಾಡಿ ಗುಣನಿಗೆ ಫೋನು ಮಾಡಿದೆ. ಬರುತ್ತಾನೆ ಎಂದು ನಂಬಿರಲಿಲ್ಲ. ನಿನ್ನೆ ಬೆಳಿಗ್ಗೆ ಅದೇ ಮಾಮಾಕ್ ಅಂಗಡಿಗೆ ಬಂದ. ಹೆಲ್ಮೆಟ್ಟನ್ನು ಪಕ್ಕದ ಕುರ್ಚಿಯ ಮೇಲಿಟ್ಟ. ಕೂದಲು ನೆರೆತಿತ್ತು. ಅಣ್ಣೆ ಎನ್ನಲಿಲ್ಲ, “ಓದಿ” ಎಂದ.

ಕನ್ನಡದಲ್ಲಿ ಬರೆದದ್ದನ್ನು ತಮಿಳು ಇಂಗ್ಲಿಷ್ ಬೆರೆಸಿ ಹೇಳುತ್ತಾ ಹೋದೆ. ಪ್ರತಿ ಭಾಗದ ಕೊನೆಗೂ ಐದು ಎಣಿಸುವಷ್ಟು ನಿಲ್ಲಿಸಿದೆ. ಆ ಹೊಂಗನ ಜೆರ್ಸಿಗೆ ಅವನ ತುಟಿಯಲ್ಲಿ ಒಂದಿಷ್ಟು ನಗು ಬಂದು ಹೋಯಿತು. ದುರಿಯನ್ನಿಗೆ ತಲೆ ಆಡಿಸಿದ. ನನ್ನ ಪಾಸಿನ ವಿಷಯ ಬಂದಾಗ ಮುಖ ನೋಡಿದ. ಅವನಿಗೆ ಅದು ಹೊಸ ಸುದ್ದಿ. ತಟ್ಟಲಿಲ್ಲ. ವೀಡಿಯೊ ಸಭೆಯ ಭಾಗಕ್ಕೆ ಬಂದೆ. ಅವನ ಕೈ ಅಲುಗಿತೋ, ಚಿತ್ರವೇ ನಡುಗಿತೋ, ನನಗೆ ಸ್ಪಷ್ಟವಾಗಿ ಕಾಣಲಿಲ್ಲ ಎಂದು ಓದಿದೆ. ನಿಲ್ಲಿಸಿದೆ.

ಗುಣ ಲೋಟ ಕೆಳಗಿಟ್ಟ. ಮುಷ್ಟಿ ಬಿಗಿದು ಮೇಜಿನ ಮೇಲೆ ಮೂರು ಸಲ ತಟ್ಟಿದ. ಅಂಗಡಿಯವನು ತಿರುಗಿ ನೋಡಿದ.

ತಟ್ಟಿದರೆ ಮುಂದೆ ಹೋಗುವಂತಿಲ್ಲ. ಹಾಗಾಗಿ ಮೇಲಿನ ಸಾಲನ್ನು ಅಳಿಸದೆ ಇಲ್ಲಿ ತಿದ್ದುಪಡಿ ಬರೆಯುತ್ತಿದ್ದೇನೆ. ನನಗೆ ಸ್ಪಷ್ಟವಾಗಿ ಕಂಡಿತ್ತು. ಗುಣ ಅಡುಗೆಮನೆಯ ಮೇಜಿನ ಮುಂದೆ ಕೂತಿದ್ದ. ಹದಿನಾಲ್ಕನೆಯದು ಓದಿ ಮುಗಿಸಿದಾಗ ತಟ್ಟಿದ. ನಾನು ತಲೆ ಎತ್ತದೇ ಇದ್ದಾಗ ಮತ್ತೆ ತಟ್ಟಿದ. ಮೂರನೇ ಸಲ ಅವನ ಫೋನು ಅಲುಗಿ ಮಗುಚಿ ಬಿತ್ತು, ಪರದೆಯಲ್ಲಿ ಅವರ ಮನೆಯ ಫ್ಯಾನು ತಿರುಗುವುದು ಕಾಣುತ್ತಿತ್ತು. ಆ ಹೊತ್ತಿಗೆ ನಾಝ್ ನನ್ನ ಬೆನ್ನ ಹಿಂದೆ ನೀರಿನ ಬಾಟಲಿ ತೆಗೆದುಕೊಳ್ಳಲು ಬಂದಿದ್ದಳು. “ಅಬ್ಬಾ, ವೈ ಈಸ್ ದಟ್ ಅಂಕಲ್ ಬ್ಯಾಂಗಿಂಗ್ ದ ಟೇಬಲ್?” ಎಂದು ಕೇಳಿದಳು. ಏನಿಲ್ಲ, ಹೋಗು ಎಂದೆ. ಹೇಳಿ ‘ಆಕ್ಷೇಪವಿಲ್ಲ’ ಎಂದು ಬರೆದೆ.

ಇದನ್ನು ಅವನೆದುರೇ ಅದೇ ಮೇಜಿನ ಮೇಲೆ ಇಂಗ್ಲಿಷಿನಲ್ಲಿ ಒಂದು ಹಾಳೆಗೆ ಬರೆದು, ಕೆಳಗೆ ಸಹಿ ಹಾಕಿ ಓದಿದೆ. ಐದು ಎಣಿಸಿದೆ. ಅವನು ತಟ್ಟಲಿಲ್ಲ. ಹಾಳೆಯನ್ನು ಎರಡು ಸಲ ತಾನೇ ಓದಿಕೊಂಡು ಮಡಿಚಿ ಜೇಬಿಗಿಟ್ಟುಕೊಂಡ. ದೂರು ಕೊಡುವ ಅವಧಿ ಮುಗಿದುಹೋಗಿದೆ, ದುಡ್ಡು ಬರುವುದಿಲ್ಲ ಎಂದು ಯಾರೋ ವಕೀಲರು ಅವನಿಗೆ ಹೇಳಿದ್ದರಂತೆ.

“ಹುಡುಗರಿಗೆ ತೋರಿಸ್ತೀನಿ” ಎಂದ. “ಮೊದಲು ಆ ಹೊಂಗ್‌ಗೆ.”

“ಈಗ ಸರಿಯಾಯ್ತಾ ಗುಣ?” ಎಂದು ಕೇಳಿದೆ. ಯಾಕೆ ಕೇಳಿದೆನೋ. ಅಡಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎನ್ನುತ್ತಾರೆ. ನಾನು ಒಂದು ಹಾಳೆ ಕೊಟ್ಟು ಕೇಳುತ್ತಿದ್ದೆ.

“ಓದಿದ್ದು ಸರಿ ಇದೆ ಅಣ್ಣೆ. ಆಗಿದ್ದು ಸರಿ ಅಂತ ಅಲ್ಲ.”

ಹೆಲ್ಮೆಟ್ ಎತ್ತಿಕೊಂಡು ಎದ್ದ. ನಾನು ಜೇಬಿಗೆ ಕೈ ಹಾಕಿದೆ. ಅವನು ಅಂಗಡಿಯವನ ಹತ್ತಿರ ಹೋಗಿ ತನ್ನ ಒಂದು ಚಹಾಕ್ಕೆ ಮಾತ್ರ ದುಡ್ಡು ಕೊಟ್ಟು, ಬೈಕು ಹತ್ತಿ ಹೋದ.